ತೆಗೆಯುವುದಾದರೆ ಹೇಳಿ ತೆಗೆಯಿರಿ: ಓಪನ್‌ಎಸ್‌ಎಸ್‌ಎಚ್ ತಂಡಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಓಪನ್‌ಎಸ್‌ಎಸ್‌ಎಚ್ ಅಭಿವೃದ್ಧಿ ತಂಡದವರಿಗೆ,
ಹಾಗೂ ಡೆಬಿಯನ್, ಉಬುಂಟು, ಫೆಡೋರಾ ಮುಂತಾದ ಲಿನಕ್ಸ್‌ಗಳಲ್ಲಿ ಇದರ ಪ್ಯಾಕೇಜ್ ನೋಡಿಕೊಳ್ಳುವ ಎಲ್ಲರಿಗೂ,

ನಮಸ್ಕಾರ.

ನಾನು ಹುಬ್ಬಳ್ಳಿ-ಧಾರವಾಡದ ಕಡೆ ಸಣ್ಣಪುಟ್ಟ ಕಾಲೇಜು, ಸಹಕಾರ ಸಂಘ, ನರ್ಸಿಂಗ್ ಹೋಮ್‌ಗಳ ಸರ್ವರ್ ನೋಡಿಕೊಳ್ಳುವ ಸಿಸ್ಟಮ್ ಅಡ್ಮಿನ್. ನನ್ನ ಕೆಲಸದ ಬಹುಪಾಲು ನಡೆಯುವುದು, ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಿಡುವ ನಿಮ್ಮ ಎಸ್‌ಎಸ್‌ಎಚ್ ಮೇಲೆಯೇ. ಇಲ್ಲಿ ಕೂತು ಇನ್ನೊಂದು ತಾಲ್ಲೂಕಿನ ಸರ್ವರ್‌ನಲ್ಲಿ ಡಿಸ್ಕ್ ತುಂಬಿದೆಯಾ ನೋಡುವುದು, ಬ್ಯಾಕಪ್ ಆಯ್ತಾ ಇಲ್ವಾ ಅಂತ ಪರೀಕ್ಷಿಸುವುದು, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಮನೆಯಿಂದಲೇ ಡೇಟಾಬೇಸ್ ಮತ್ತೆ ಶುರು ಮಾಡುವುದು, ಎಲ್ಲಾ ಅದರಿಂದಲೇ. ಇದಕ್ಕೆ ನೀವು ಒಂದು ಪೈಸೆ ಕೇಳಿಲ್ಲ. ಪುಕ್ಕಟೆ ಕೊಟ್ಟವರ ಮೇಲೆ ದೂರು ಹೇಳೋದಾ ಎಂದು ಯಾರಾದರೂ ಕೇಳಬಹುದು. ಕೇಳಲಿ. ಲಿನಕ್ಸ್ ಸರ್ವರ್ ಇಟ್ಟುಕೊಂಡವರು ಹೆಚ್ಚುಕಡಿಮೆ ಎಲ್ಲರೂ ನಂಬಿಕೊಂಡಿರುವ ಸಾಫ್ಟ್‌ವೇರ್ ಇದು. ಇದರ ಬಗ್ಗೆ ನಿಮಗೆ ಹೇಳದೆ ಇನ್ಯಾರಿಗೆ ಹೇಳಬೇಕು?

ನೀವು ಆಗಾಗ ಹಳೆಯ ಸೌಲಭ್ಯಗಳನ್ನು ತೆಗೆಯುತ್ತೀರಿ. ತೆಗೆದಾಗಲೆಲ್ಲ ಒಂದಷ್ಟು ಜನ ವಾಪಸ್ ತನ್ನಿ ಎನ್ನುತ್ತಾರೆ. ಇನ್ನೊಂದಷ್ಟು ಜನ ಪೀಡೆ ತೊಲಗಿತು ಎನ್ನುತ್ತಾರೆ. 2014ರಲ್ಲಿ ನೀವು ತೆಗೆದ ಟಿಸಿಪಿ ರ‍್ಯಾಪರ್ ಬೆಂಬಲದ ಬಗ್ಗೆ ಈ ಜಗಳ ಇನ್ನೂ ನಿಂತಿಲ್ಲ. ಯಾವ ವಿಳಾಸದಿಂದ ಬಂದವರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ನೋಡುವ ಲೈಬ್ರರಿ ಅದು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಆ ಲೈಬ್ರರಿಯನ್ನು ವಾಪಸ್ ತರಬೇಡಿ. ಆದರೆ ಅದನ್ನು ತೆಗೆದ ರೀತಿ ಸರಿಯಿರಲಿಲ್ಲ. ಮುಂದೆ ಹಾಗೆ ಮಾಡಬೇಡಿ ಎಂದು ಕೇಳುವುದಕ್ಕೇ ಈ ಪತ್ರ.

ಇಲ್ಲಿ ಇದನ್ನು ಓದುವ ಹೊಸ ಹುಡುಗ ಹುಡುಗಿಯರು ಟಿಸಿಪಿ ರ‍್ಯಾಪರ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ಅವರಿಗಾಗಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

1990ರ ಸುಮಾರಿಗೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳಿಗೆ ಯಾರೋ ಒಬ್ಬ ಹೊರಗಿನಿಂದ ನುಗ್ಗುತ್ತಿದ್ದ. ಬಂದವನು ಸುಮ್ನೆ ಹೋಗುತ್ತಿರಲಿಲ್ಲ, ಡಿಸ್ಕಿನಲ್ಲಿದ್ದ ಫೈಲ್‌ಗಳನ್ನೆಲ್ಲ ಅಳಿಸಿ ಹೋಗುತ್ತಿದ್ದ. ಫೈಲ್ ಜೊತೆ ಅವನ ಹೆಜ್ಜೆ ಗುರುತೂ ಅಳಿಸಿಹೋಗುತ್ತಿತ್ತು. ಅಲ್ಲಿದ್ದ ವೀಟ್ಸೆ ವೆನೆಮಾ ಒಂದು ಚಿಕ್ಕ ಪ್ರೋಗ್ರಾಂ ಬರೆದರು. ಟೆಲ್ನೆಟ್, ಫಿಂಗರ್ ಥರದ ಸೇವೆಗಳಿಗೆ ಹೊರಗಿನಿಂದ ಕರೆ ಬಂದಾಗ ಮೊದಲು ಈ ಪ್ರೋಗ್ರಾಂ ಎದ್ದು, ಯಾವ ವಿಳಾಸದಿಂದ ಬಂತು ಎಂದು ಲಾಗ್‌ನಲ್ಲಿ ಬರೆದು, ಬಿಡಬಹುದಾ ಬೇಡವಾ ನೋಡಿ, ಆಮೇಲೆ ಅಸಲಿ ಸೇವೆಗೆ ದಾಟಿಸುತ್ತಿತ್ತು. ಅದೇ ಟಿಸಿಪಿ ರ‍್ಯಾಪರ್. ಮುಂದೆ ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್ ಬರೆದವರೂ ಇದೇ ವೆನೆಮಾ.

ಇದರ ನಿಯಮಗಳು ಇರುತ್ತಿದ್ದದ್ದು ಎರಡು ಫೈಲ್‌ಗಳಲ್ಲಿ. ಇಟಿಸಿ ಫೋಲ್ಡರ್‌ನಲ್ಲಿ ಹೋಸ್ಟ್ಸ್.ಅಲೋ, ಹೋಸ್ಟ್ಸ್.ಡಿನೈ. ಮೊದಲು ಅಲೋ ನೋಡುತ್ತದೆ. ಅಲ್ಲಿ ವಿಳಾಸ ಸಿಕ್ಕರೆ ಒಳಗೆ. ಇಲ್ಲದಿದ್ದರೆ ಡಿನೈ ನೋಡುತ್ತದೆ. ಅಲ್ಲಿ ಸಿಕ್ಕರೆ ಹೊರಗೆ. ಎರಡರಲ್ಲೂ ಇಲ್ಲ ಅಂದ್ರೆ? ಒಳಗೆ! ಈ ಕೊನೆಯ ಮಾತು ನೆನಪಿರಲಿ. ನನ್ನ ದೂರಿನ ಬೇರು ಅಲ್ಲೇ ಇದೆ.

ನಿಯಮ ಬರೆಯಲು ಕಲಿಯಬೇಕಾದದ್ದು ಏನೂ ಇರಲಿಲ್ಲ. ಡಿನೈ ಫೈಲ್‌ನಲ್ಲಿ ‘ಎಸ್‌ಎಸ್‌ಎಚ್‌ಡಿ: ಆಲ್’ ಎಂದು ಒಂದು ಸಾಲು (ಎಸ್‌ಎಸ್‌ಎಚ್‌ಡಿ ಎಂದರೆ ಎಸ್‌ಎಸ್‌ಎಚ್ ಸರ್ವರ್), ಅಲೋ ಫೈಲ್‌ನಲ್ಲಿ ಆಫೀಸಿನ ವಿಳಾಸದ ಒಂದು ಸಾಲು. ಮುಗೀತು. ಯಾವುದನ್ನೂ ರೀಸ್ಟಾರ್ಟ್ ಮಾಡಬೇಕಿರಲಿಲ್ಲ, ಮುಂದಿನ ಕನೆಕ್ಷನ್‌ನಿಂದಲೇ ಜಾರಿ. ಎಸ್‌ಎಸ್‌ಎಚ್ ಬಂದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. 1999ರಲ್ಲಿ ನೀವು ಅದರ ಹಳೆಯ ಮುಕ್ತ ಆವೃತ್ತಿಯೊಂದನ್ನು ಹಿಡಿದು ಓಪನ್‌ಎಸ್‌ಎಸ್‌ಎಚ್ ಕಟ್ಟಿದಿರಿ. ಟಿಸಿಪಿ ರ‍್ಯಾಪರ್‌ನದ್ದೇ ಆದ ಲಿಬ್‌ರ‍್ಯಾಪ್ ಲೈಬ್ರರಿಯ ಮೂಲಕ ಅದೇ ಎರಡು ಫೈಲ್‌ಗಳನ್ನು ನಿಮ್ಮ ಸರ್ವರ್ ಕೂಡ ಓದುತ್ತಿತ್ತು. ಆಮೇಲೆ 2014ರ ಅಕ್ಟೋಬರ್‌ನಲ್ಲಿ 6.7 ಆವೃತ್ತಿ ಬಂತು. ಅದರ ಬಿಡುಗಡೆ ಟಿಪ್ಪಣಿಯಲ್ಲಿ ಚಿಕ್ಕದಾಗಿ, ಟಿಸಿಪಿ ರ‍್ಯಾಪರ್ ಬೆಂಬಲ ತೆಗೆದಿದ್ದೇವೆ ಎಂದಿತ್ತು.

ತೆಗೆದದ್ದಕ್ಕೆ ಕಾರಣಗಳಿದ್ದವು, ಒಪ್ಪುತ್ತೇನೆ. ಲಿಬ್‌ರ‍್ಯಾಪ್‌ನ ಮೂಲ ಲೇಖಕರ ಕೊನೆಯ ಆವೃತ್ತಿ 7.6 ಬಂದದ್ದು 1997ರಲ್ಲಿ. ಬಂದವರು ಯಾರು ಎಂದು ಗೊತ್ತಾಗುವ ಮೊದಲೇ, ಅಂದರೆ ಅತ್ಯಂತ ಅಪಾಯದ ಹೊತ್ತಿನಲ್ಲಿ ಓಡುವ ಕೋಡ್ ಅದು. ಅಂಕಿಯ ವಿಳಾಸದ ಬದಲು ಹೆಸರು ಕೊಟ್ಟು ನಿಯಮ ಬರೆದರೆ, ಹೆಸರು-ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆಯನ್ನು ಕೇಳಲು ಹೋಗುತ್ತಿತ್ತು. ಡಿಎನ್‌ಎಸ್ ಮಲಗಿದ್ದರೆ ಲಾಗಿನ್ ಕೂಡ ಮಲಗುತ್ತಿತ್ತು. 1999ರ ಜನವರಿಯಲ್ಲಿ ಐಂಡ್‌ಹೋವನ್ ಸರ್ವರ್‌ನಲ್ಲಿದ್ದ ಟಿಸಿಪಿ ರ‍್ಯಾಪರ್‌ನ ಸೋರ್ಸ್ ಕೋಡ್‌ಗೇ ಯಾರೋ ಕಳ್ಳದಾರಿ ಸೇರಿಸಿಟ್ಟಿದ್ದರು. ಬೇಗ ಗೊತ್ತಾಯಿತು, ತೆಗೆದರು. ಆದರೂ ಕಾವಲಿಗೆ ಅಂತ ಇಟ್ಟುಕೊಂಡದ್ದರಿಂದಲೇ ಕಳ್ಳ ಬರಬಹುದು ಎನ್ನುವುದು ಅವತ್ತೇ ಗೊತ್ತಾಗಿತ್ತು.

2024ರ ಮಾರ್ಚ್‌ನಲ್ಲಿ ಅದು ಇನ್ನೂ ದೊಡ್ಡದಾಗಿ ಗೊತ್ತಾಯಿತು. ಎಕ್ಸ್‌ಝಡ್ ಎನ್ನುವ, ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಸಿಕ್ಕಿತು. ಅದರ ಗುರಿ ನಿಮ್ಮ ಸರ್ವರ್. ತಮಾಷೆ ನೋಡಿ, ನಿಮ್ಮ ಮೂಲ ಕೋಡ್‌ಗೂ ಎಕ್ಸ್‌ಝಡ್‌ಗೂ ಸಂಬಂಧವೇ ಇಲ್ಲ. ಕೆಲವು ಲಿನಕ್ಸ್‌ಗಳವರು ‘ಸರ್ವರ್ ಶುರುವಾಯ್ತು’ ಎಂದು, ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ತಿಳಿಸುವುದಕ್ಕಾಗಿ ತಮ್ಮದೇ ಒಂದು ಪ್ಯಾಚ್ (ಕೋಡ್‌ನ ತೇಪೆ) ಹಾಕಿದ್ದರು. ಆ ಪ್ಯಾಚ್ ಒಂದು ಲೈಬ್ರರಿ ತಂತು, ಆ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ತಂತು. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದಕ್ಕೆ ಇದು ಹೊರಬಿತ್ತು. ಇಲ್ಲದಿದ್ದರೆ ಎಷ್ಟು ದಿನ ನಡೆಯುತ್ತಿತ್ತೋ.

ಈ ಘಟನೆ ಆದ ಮೇಲೂ "ಲಿಬ್‌ರ‍್ಯಾಪ್ ವಾಪಸ್ ತನ್ನಿ" ಎನ್ನುವವರ ಜೊತೆ ನಾನು ನಿಲ್ಲಲಾರೆ. ಡೆಬಿಯನ್‌ನವರು ‘ರೀಸ್ಟೋರ್-ಟಿಸಿಪಿ-ರ‍್ಯಾಪರ್ಸ್’ ಎಂಬ ಪ್ಯಾಚ್ ಹಾಕಿಕೊಂಡು ವರ್ಷಗಟ್ಟಲೆ ಇದನ್ನು ಹೊತ್ತು ತಂದಿದ್ದಾರೆ. ಬಳಸುವವರ ಮೇಲಿನ ಕಾಳಜಿಯಿಂದಲೇ ಮಾಡಿದ್ದು, ಅನುಮಾನವಿಲ್ಲ. ಆದರೆ ಲಾಗಿನ್‌ಗೂ ಮುಂಚೆ ಓಡುವ ಒಂದೊಂದು ಲೈಬ್ರರಿಯೂ ಇನ್ನೊಂದು ಅಪಾಯ ಎನ್ನುವುದು ಈಗ ಬರೀ ಊಹೆಯಲ್ಲ.

ಹಾಗಾದರೆ ನನ್ನ ದೂರೇನು?

ನೀವು ತೆಗೆದ ಸೌಲಭ್ಯಗಳಲ್ಲಿ ಎರಡು ಜಾತಿ ಇವೆ. ಅವೆರಡನ್ನೂ ನೀವು ಒಂದೇ ಕಣ್ಣಿನಿಂದ ನೋಡಿದಿರಿ.

ಮೊದಲನೆಯ ಜಾತಿ, ತೆಗೆದ ತಕ್ಷಣ ಕೆಲಸ ನಿಲ್ಲುವಂಥವು. 2021ರ ಸೆಪ್ಟೆಂಬರ್‌ನಲ್ಲಿ 8.8 ಆವೃತ್ತಿ ಬಂತಲ್ಲ, ಆಗ ಎಸ್‌ಎಚ್‌ಎ-1 ಎಂಬ ದುರ್ಬಲ ಹ್ಯಾಶ್ ಲೆಕ್ಕ ಬಳಸುವ ಹಳೆಯ ಆರ್‌ಎಸ್‌ಎ ಡಿಜಿಟಲ್ ಸಹಿಯನ್ನು ಬಂದ್ ಮಾಡಿದಿರಿ. ನನ್ನ ಗಿರಾಕಿಯೊಬ್ಬರ ಹಳೇ ನೆಟ್‌ವರ್ಕ್ ಸ್ವಿಚ್‌ಗೆ ಲಾಗಿನ್ ಆಗಲು ಹೋದರೆ, ಹೊಂದುವ ಹೋಸ್ಟ್ ಕೀ (ಆ ಕಡೆಯ ಯಂತ್ರದ ಗುರುತಿನ ಕೀ) ಸಿಗಲಿಲ್ಲ, ಅವರ ಹತ್ತಿರ ಇರುವುದು ಇಂಥದ್ದು ಮಾತ್ರ ಎಂದು ನಿಮ್ಮ ಕ್ಲೈಂಟ್ ಮುಖಕ್ಕೇ ಹೇಳಿತು. ಬೈದುಕೊಂಡೆ, ನಿಜ. ಆದರೆ ಏನಾಯಿತು, ಎಲ್ಲಿ ಆಯಿತು ಎಂದು ಆ ಒಂದೇ ಸಾಲಿನಲ್ಲಿ ಗೊತ್ತಾಯಿತು. ಆ ಸ್ವಿಚ್ ಒಂದಕ್ಕೆ ಮಾತ್ರ ಹಳೆಯ ಸಹಿಗೆ ಅನುಮತಿ ಕೊಟ್ಟು ಕೆಲಸ ಮುಗಿಸಿದೆ. ಅದಕ್ಕೂ ಮೊದಲು, 2020ರಲ್ಲೇ, ಇದು ಹೋಗಲಿದೆ ಎಂದು ಬರೆದಿದ್ದಿರಿ. ಎಸ್‌ಎಚ್‌ಎ-1 ಮುರಿಯಲು 50 ಸಾವಿರ ಡಾಲರ್‌ಗಿಂತ ಕಡಿಮೆ ಸಾಕು ಎಂದು ಕಾರಣವನ್ನೂ ಕೊಟ್ಟಿದ್ದಿರಿ. ಡಿಎಸ್‌ಎ ಎಂಬ ಹಳೆಯ ಬಗೆಯ ಕೀಗಳ ವಿಷಯದಲ್ಲಂತೂ ನಿಮ್ಮನ್ನು ಹೊಗಳಲೇಬೇಕು. 2015ರಲ್ಲಿ ಮಾಮೂಲಿ ಪಟ್ಟಿಯಿಂದ ತೆಗೆದಿರಿ. 2024ರ ಆರಂಭದಲ್ಲಿ, ಇನ್ನು ಯಾವ ತಿಂಗಳು ಏನಾಗುತ್ತದೆ ಎಂದು ವೇಳಾಪಟ್ಟಿ ಹಾಕಿದಿರಿ. 2025ರ ಏಪ್ರಿಲ್‌ನ 10.0 ಆವೃತ್ತಿಯಲ್ಲಿ ಪೂರ್ತಿ ತೆಗೆದಿರಿ. ಇದಕ್ಕಿಂತ ಮರ್ಯಾದೆಯಿಂದ ಒಂದು ಸೌಲಭ್ಯವನ್ನು ಕಳಿಸಿಕೊಡಲು ಆಗುವುದಿಲ್ಲ. ಇವನ್ನೆಲ್ಲ ವಾಪಸ್ ತನ್ನಿ ಎನ್ನುವವರಿಗೆ ನನ್ನ ಬೆಂಬಲ ಇಲ್ಲ.

ಎರಡನೆಯ ಜಾತಿ, ತೆಗೆದರೂ ಏನೂ ನಿಲ್ಲದಂಥವು. ಟಿಸಿಪಿ ರ‍್ಯಾಪರ್ ಆ ಜಾತಿಯದ್ದು. ಅದರ ಕೆಲಸವೇ ಬೇಡ ಎನ್ನುವುದು. ಬೇಡ ಎನ್ನುವವನು ಹೋದರೆ ಯಾರೂ ದೂರು ಕೊಡುವುದಿಲ್ಲ, ಯಾಕಂದ್ರೆ ಎಲ್ಲರಿಗೂ ಒಳಗೆ ಬರಲು ಆಗುತ್ತದೆ. ಅಡ್ಮಿನ್ ಲಾಗಿನ್ ಆಗುತ್ತಾನೆ, ಬ್ಯಾಕಪ್ ನಡೆಯುತ್ತದೆ, ಡಿನೈ ಫೈಲ್ ಇದ್ದಲ್ಲೇ ಇರುತ್ತದೆ, ಅದರಲ್ಲಿನ ಸಾಲುಗಳೂ ಹಾಗೇ ಇರುತ್ತವೆ. ಅದನ್ನು ಓದುವವರು ಮಾತ್ರ ಇರುವುದಿಲ್ಲ. ವಾಚ್‌ಮನ್‌ನನ್ನು ಕೆಲಸದಿಂದ ಬಿಡಿಸಿ, ‘ಅಪ್ಪಣೆ ಇಲ್ಲದೆ ಪ್ರವೇಶವಿಲ್ಲ’ ಎಂಬ ಬೋರ್ಡನ್ನು ಗೇಟಿಗೆ ಹಾಗೇ ಬಿಟ್ಟಂತಾಯಿತು.

ಇದು ಪುಸ್ತಕದ ಬದನೆಕಾಯಿ ಅಲ್ಲ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7 ಎಂಬ ಲಿನಕ್ಸ್‌ನ ಆಯಸ್ಸು ಮುಗಿಯಿತು. ಅದರ ಹಿಂದೆ ಮುಂದೆ ಎಲ್ಲಾ ಕಡೆ ಸರ್ವರ್ ಬದಲಿಸುವ ಗಡಿಬಿಡಿ. ಒಂದು ಸಂಸ್ಥೆಯವರು, ಹೆಸರು ಬೇಡ, ಬೇರೆಯವರ ಕೈಲಿ ಹೊಸ ಲಿನಕ್ಸ್ ಹಾಕಿಸಿಕೊಂಡಿದ್ದರು. ಕೆಲವು ತಿಂಗಳ ಮೇಲೆ ಸರ್ವರ್ ನಿಧಾನ ಆಗಿದೆ, ಸ್ವಲ್ಪ ನೋಡಿ ಎಂದು ನನ್ನನ್ನು ಕರೆದರು. ಲಾಗ್ ತೆಗೆದೆ. ರೂಟ್‌ಗೆ ತಪ್ಪು ಪಾಸ್‌ವರ್ಡ್, ಅಡ್ಮಿನ್ ಎಂಬ ಇಲ್ಲದ ಹೆಸರಿಗೆ ಲಾಗಿನ್, ಒರಾಕಲ್, ಟೆಸ್ಟ್, ಉಬುಂಟು, ಹೀಗೆ ಒಂದರ ಹಿಂದೆ ಒಂದು. ಎಸ್‌ಎಸ್‌ಎಚ್‌ನ ಪೋರ್ಟ್ 22 ಹೊರಗೆ ತೆರೆದಿಟ್ಟರೆ ಇದು ಎಲ್ಲಾ ಕಡೆ ಇರುವುದೇ. ಆಶ್ಚರ್ಯ ಆದದ್ದು ಬೇರೆ. ಈ ಸರ್ವರ್ ಆಫೀಸಿನ ವಿಳಾಸ ಬಿಟ್ಟು ಬೇರೆ ಯಾರನ್ನೂ ಬಿಡಬಾರದು ಎಂದು ಡಿನೈ ಫೈಲ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಳೆಯ ಸರ್ವರ್‌ನಿಂದ ಇಟಿಸಿ ಫೋಲ್ಡರ್ ನಕಲು ಮಾಡಿದಾಗ ಅದೂ ಬಂದಿತ್ತು.

ಇನ್ನೂ ಕೆಳಗೆ ಸ್ಕ್ರೋಲ್ ಮಾಡಿದೆ. ತಪ್ಪು ಪಾಸ್‌ವರ್ಡ್ ಹಾಕಿದವರ ವಿಳಾಸವನ್ನು ಲಾಗ್‌ನಿಂದ ಹೆಕ್ಕಿ ಡಿನೈ ಫೈಲ್‌ಗೆ ಸೇರಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಕೂಡ ಹಳೆಯದರಿಂದ ಬಂದಿತ್ತು. ಪಾಪ, ಅದು ತನ್ನ ಕೆಲಸ ತಪ್ಪದೆ ಮಾಡುತ್ತಿತ್ತು. ರಾತ್ರಿ ಒಂದು ವಿಳಾಸ ಫೈಲ್‌ಗೆ ಸೇರಿದೆ, ಪಕ್ಕದಲ್ಲಿ ದಿನಾಂಕ ಇದೆ. ಲಾಗ್‌ನಲ್ಲಿ ನೋಡಿದರೆ ಅದೇ ವಿಳಾಸ ಮರುದಿನ ಬೆಳಗ್ಗೆ ಆರಾಮಾಗಿ ಪಾಸ್‌ವರ್ಡ್ ಊಹೆ ಮಾಡುತ್ತಾ ಕೂತಿದೆ. ಸ್ಕ್ರಿಪ್ಟ್ ಬರೆಯುತ್ತಲೇ ಇತ್ತು, ಫೈಲ್ ಬೆಳೆಯುತ್ತಲೇ ಇತ್ತು, ತಡೆಯುವವರು ಯಾರೂ ಇರಲಿಲ್ಲ.

ಇನ್ನೊಂದು ಕಾಗದ ತೋರಿಸಿದರು. ಭದ್ರತಾ ಆಡಿಟ್ ವರದಿ. ಅದರಲ್ಲಿ ಒಂದು ಸಾಲು, ಡಿನೈ ಫೈಲ್ ಇದೆಯಾ, ಅದರಲ್ಲಿ ಎಲ್ಲರನ್ನೂ ತಡೆಯುವ ಸಾಲು ಇದೆಯಾ ಎಂದು. ಪಕ್ಕದಲ್ಲಿ ಹಸಿರು ಟಿಕ್! ಆಡಿಟ್ ಮಾಡಿದವರು ಸುಳ್ಳು ಹೇಳಿಲ್ಲ. ಫೈಲ್ ಇತ್ತು, ಸಾಲೂ ಇತ್ತು. ಸೆಂಟ್‌ಒಎಸ್ 7ರ ಕಾಲದ ಸಿಐಎಸ್ ಸಂಸ್ಥೆಯ ಭದ್ರತಾ ಪಟ್ಟಿಗಳಲ್ಲಿ ಈ ಪರೀಕ್ಷೆ ಇದ್ದದ್ದು ನಿಜ, ಆಗ ಅದಕ್ಕೆ ಅರ್ಥವೂ ಇತ್ತು. ಲಿನಕ್ಸ್ ಬದಲಾಯಿತು, ಪಟ್ಟಿ ಅದೇ ಉಳಿಯಿತು.

ಆ ಸರ್ವರ್‌ಗೆ ಯಾರೂ ನುಗ್ಗಿರಲಿಲ್ಲ, ಪುಣ್ಯಕ್ಕೆ ಪಾಸ್‌ವರ್ಡ್ ಗಟ್ಟಿ ಇತ್ತು. ಫೈರ್‌ವಾಲ್‌ನಲ್ಲಿ ಆ ದಿನವೇ ಬಂದ್ ಮಾಡಿದೆ, ಪಾಸ್‌ವರ್ಡ್ ಲಾಗಿನ್ ತೆಗೆದು ಕೀ ಹಾಕಿದೆ. ಸರ್ವರ್ ಬದಲಿಸಿಕೊಟ್ಟ ಹುಡುಗನಿಗೆ ಫೋನ್ ಮಾಡಿ ಕೇಳಿದೆ. "ಸರ್, ಒಂದು ಎರರ್ ಕೂಡ ಬರಲಿಲ್ವಲ್ಲ ಸರ್" ಅಂದ. ಅವನ ಮಾತಲ್ಲಿ ತಪ್ಪೇನಿದೆ? ನಾನೂ ನಿಮ್ಮನ್ನು ಅದನ್ನೇ ಕೇಳುತ್ತಿದ್ದೇನೆ. ಒಂದು ಎರರ್ ಕೂಡ ಯಾಕೆ ಬರಲಿಲ್ಲ?

ನಿಮ್ಮ ಕಡೆಯ ಉತ್ತರಗಳು ಏನಿರಬಹುದು ಎಂದು ಅಂದಾಜಿದೆ.

ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿದ್ದೆವಲ್ಲ ಎನ್ನಬಹುದು. ಬರೆದಿದ್ದಿರಿ. ಫೆಡೋರಾ 28ರಲ್ಲಿ, ಆಮೇಲೆ 2019ರ ರೆಡ್‌ಹ್ಯಾಟ್ 8ರಲ್ಲಿ ಟಿಸಿಪಿ ರ‍್ಯಾಪರ್ ಇಲ್ಲ ಎಂದು ಅವರ ದಾಖಲೆಗಳಲ್ಲೂ ಇತ್ತು. ಆದರೆ ನೋಡಿ, ನೀವು ತೆಗೆದದ್ದು 2014ರಲ್ಲಿ. ಒಂದೊಂದು ಲಿನಕ್ಸ್ ತನ್ನ ಪ್ಯಾಚ್ ಹಾಕಿಕೊಂಡು ಅದನ್ನು ಉಳಿಸಿಕೊಂಡಿತು, ಒಂದೊಂದು ಬೇರೆ ಬೇರೆ ವರ್ಷ ಬಿಟ್ಟಿತು. ಇಲ್ಲಿ ಬಳಸುವವನಿಗೆ ಬದಲಾವಣೆ ತಟ್ಟಿದ್ದು ಹತ್ತು ವರ್ಷದ ಮೇಲೆ. ಅಷ್ಟು ಹಿಂದಿನ ಟಿಪ್ಪಣಿಯನ್ನು ಯಾರು ಹುಡುಕಿ ಓದುತ್ತಾರೆ? ಅದೂ ಏನೂ ಕೆಟ್ಟಿಲ್ಲ ಎನಿಸುವಾಗ?

ಆ ಫೈಲ್ ನಮ್ಮದಲ್ಲ, ಬೇರೆ ಸಾಫ್ಟ್‌ವೇರ್‌ನದ್ದು, ಊರಿನವರ ಫೈಲ್‌ಗಳಿಗೆಲ್ಲ ನಾವು ಹೊಣೆಯಾ ಎನ್ನಬಹುದು. ಈ ಮಾತಿಗೆ ತೂಕ ಇದೆ. ಆದರೆ ನಿಮ್ಮ ಸರ್ವರ್‌ನ ಕೈಪಿಡಿ ಪುಟದಲ್ಲಿ, ನಾವು ಬಳಸುವ ಫೈಲ್‌ಗಳು ಎಂಬ ಪಟ್ಟಿಯಲ್ಲಿ, ಈ ಎರಡೂ ಹೆಸರು ವರ್ಷಗಟ್ಟಲೆ ಇದ್ದವು. ಜನ ಅದನ್ನು ಓದಿಯೇ ನಂಬಿದರು. ಇಷ್ಟು ದಿನ ಪಟ್ಟಿಯಲ್ಲಿ ಇಟ್ಟುಕೊಂಡು, ಒಂದು ದಿನ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಕೈ ತೊಳೆದುಕೊಳ್ಳುವುದು ನಿಮ್ಮಂಥವರಿಗೆ ಒಪ್ಪುವುದಿಲ್ಲ.

ಎಚ್ಚರಿಕೆ ಕೊಡುವುದು ನಿಮಗೆ ಹೊಸದೂ ಅಲ್ಲ. ನಿಮ್ಮದೇ ಸಂರಚನಾ ಫೈಲ್‌ನಲ್ಲಿ, ಅಂದರೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ, ಈಗ ಬಳಕೆಯಲ್ಲಿಲ್ಲದ ಹಳೆಯ ಆಯ್ಕೆಯೊಂದು ಉಳಿದಿದ್ದರೆ, ಇದು ಹಳತಾಗಿದೆ ಎಂದು ಲಾಗ್‌ಗೆ ಬರೆಯುತ್ತೀರಿ. ಅರ್ಥವಾಗದ ಸಾಲು ಇದ್ದರೆ ಸರ್ವರ್ ಶುರುವಾಗುವುದೇ ಇಲ್ಲ. 2025ರ ಅಕ್ಟೋಬರ್‌ನ 10.1 ಆವೃತ್ತಿಯಲ್ಲಿ ಇನ್ನೂ ಮುಂದೆ ಹೋದಿರಿ. ಕ್ವಾಂಟಮ್ ಕಂಪ್ಯೂಟರ್ ಮುರಿಯಲಾಗದ ಕೀ ವಿನಿಮಯ (ಡೇಟಾ ಗುಟ್ಟಾಗಿಡುವ ಕೀಯನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳುವ ಹಂತ) ಇಲ್ಲದ ಸರ್ವರ್‌ಗೆ ಹೋದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಇವತ್ತು ಕದ್ದಿಟ್ಟ ಡೇಟಾವನ್ನು ಮುಂದೊಂದು ದಿನ ಬಿಡಿಸಬಹುದು ಎಂಬ ಕಾರಣಕ್ಕೆ. ಸರಿಯಾದ ಕಾಳಜಿಯೇ. ಆದರೆ ಇನ್ನೂ ತಯಾರಾಗದ ಕಂಪ್ಯೂಟರ್ ಬಗ್ಗೆ ನನಗೆ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್, ಇವತ್ತು ರಾತ್ರಿ ಜಾರಿಯಲ್ಲಿಲ್ಲದ ತಡೆ ನಿಯಮದ ಬಗ್ಗೆ ತುಟಿ ಬಿಚ್ಚುವುದಿಲ್ಲ ಅಂದ್ರೆ ಹೇಗೆ?

ಮೂರನೆಯ ಉತ್ತರ ಎಲ್ಲರೂ ಕೊಡುವಂಥದ್ದು. ಫೈರ್‌ವಾಲ್ ಇದೆಯಲ್ಲ, ಅಲ್ಲೇ ತಡೆಯಿರಿ. ತಡೆಯುತ್ತೇವೆ. ಆದರೆ ನಮ್ಮ ಕಡೆ ಆಫೀಸುಗಳಲ್ಲಿ ಫೈರ್‌ವಾಲ್‌ನ ಪಾಡು ನಿಮಗೆ ಗೊತ್ತಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಕನೆಕ್ಟ್ ಆಗಲಿಲ್ಲವಾ, ಪ್ರಿಂಟರ್ ಸಿಗಲಿಲ್ಲವಾ, ಫೋನ್‌ನಲ್ಲಿರುವ ವೆಂಡರ್‌ನ ಮೊದಲ ಮಾತೇ "ಸರ್, ಸುಮ್ನೆ ಒಂದ್ಸಲ ಫೈರ್‌ವಾಲ್ ಆಫ್ ಮಾಡಿ ನೋಡಿ." ಆಫ್ ಮಾಡುತ್ತಾರೆ, ಸಮಸ್ಯೆ ಸರಿಹೋಗುತ್ತದೆ, ಮತ್ತೆ ಆನ್ ಮಾಡಲು ಯಾರಿಗೆ ನೆನಪಿರುತ್ತದೆ? ಕೆಲವು ಕಡೆ ಫೈರ್‌ವಾಲ್ ನೋಡುವವರೇ ಬೇರೆ, ಸರ್ವರ್ ನೋಡುವವರೇ ಬೇರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಯೇ ಇರುವುದಿಲ್ಲ. ಬಾಡಿಗೆಗೆ ತೆಗೆದುಕೊಂಡ ಕಂಟೇನರ್‌ಗಳಲ್ಲಿ ಕೆಲವೊಮ್ಮೆ ಫೈರ್‌ವಾಲ್ ನಿಯಮ ಹಾಕುವ ಅಧಿಕಾರವೇ ಕೊಟ್ಟಿರುವುದಿಲ್ಲ. ಅದಕ್ಕೇ ಜನ ಸರ್ವರ್‌ನ ಒಳಗೇ ಎರಡನೆಯ ತಡೆ ಇಟ್ಟುಕೊಂಡದ್ದು.

ಆ ಎರಡನೆಯ ತಡೆಗೆ ನೀವು ಕೊಟ್ಟ ಬದಲಿ ಪೂರ್ತಿ ಬದಲಿ ಅಲ್ಲ. ಇದು ಸ್ವಲ್ಪ ತಾಂತ್ರಿಕ, ಆದರೆ ಹೇಳದೆ ವಿಧಿಯಿಲ್ಲ. ನಿಮ್ಮ ಕಾನ್ಫಿಗ್‌ನಲ್ಲಿ ವಿಳಾಸ ನೋಡಿ ನಿಯಮ ಬದಲಿಸುವ ಮ್ಯಾಚ್ ಅಡ್ರೆಸ್ ಇದೆ, ಯಾವ ಬಳಕೆದಾರ ಯಾವ ವಿಳಾಸದಿಂದ ಬರಬಹುದು ಎಂದು ಹೇಳುವ ಅಲೋಯೂಸರ್ಸ್ ಇದೆ. 2024ರ 9.9 ಆವೃತ್ತಿಯಲ್ಲಿ ರೆಫ್ಯೂಸ್‌ಕನೆಕ್ಷನ್ ಕೂಡ ಸೇರಿಸಿದಿರಿ. ಇವೆಲ್ಲ ಕೆಲಸ ಮಾಡುವುದು ಬಂದವನು ತನ್ನ ಹೆಸರು ಹೇಳಿದ ಮೇಲೆ. ಅಷ್ಟರಲ್ಲಿ ಕೀ ವಿನಿಮಯ ಮುಗಿದಿರುತ್ತದೆ, ನಿಮ್ಮ ಒಳಗಿನ ಎಷ್ಟೋ ಕೋಡ್ ಅಪರಿಚಿತನಿಗಾಗಿ ಓಡಿರುತ್ತದೆ. ಟಿಸಿಪಿ ರ‍್ಯಾಪರ್ ಅದಕ್ಕಿಂತ ಮುಂಚೆಯೇ ಕನೆಕ್ಷನ್ ಕತ್ತರಿಸುತ್ತಿತ್ತು. 2024ರ ಜುಲೈನಲ್ಲಿ ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆಯವರು ಹೊರಗೆಡವಿದ ರೆಗ್ರೆಶನ್ ದೋಷ ನೆನಪಿದೆಯಲ್ಲ? 2006ರಲ್ಲಿ ಸರಿಪಡಿಸಿದ್ದ ತಪ್ಪು 8.5 ಆವೃತ್ತಿಯಲ್ಲಿ ಮತ್ತೆ ನುಸುಳಿತ್ತು. ಲಾಗಿನ್ ಆಗದವನೂ ಅದನ್ನು ಬಳಸಿ ಒಳಗೆ ಬರಬಹುದಿತ್ತು. ಅಂಥ ದೋಷದ ಎದುರು, ಹೆಸರು ಕೇಳಿದ ಮೇಲೆ ಬೇಡ ಎನ್ನುವ ನಿಯಮದಿಂದ ಏನು ಉಪಯೋಗ?

ನಿಮ್ಮ ಹತ್ತಿರ ಇದಕ್ಕೆ ಬೇಕಾದ ಸಾಮಾನು ಆಗಲೇ ಇದೆ. 9.8 ಆವೃತ್ತಿಯಲ್ಲಿ ಪೆನಾಲ್ಟಿ ವ್ಯವಸ್ಥೆ ತಂದಿರಿ. ಪದೇಪದೇ ತಪ್ಪು ಪಾಸ್‌ವರ್ಡ್ ಹಾಕುವ ವಿಳಾಸವನ್ನು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸುತ್ತೀರಿ, ಕೀ ವಿನಿಮಯಕ್ಕೂ ಮುಂಚೆ, ಯಾವ ಹೊರಗಿನ ಲೈಬ್ರರಿಯೂ ಇಲ್ಲದೆ. ಚೆನ್ನಾಗಿದೆ. (ಒಂದು ಮಾತು. ಒಂದೇ ಪಬ್ಲಿಕ್ ವಿಳಾಸದ ಹಿಂದೆ ಇಡೀ ಕಾಲೇಜು ಲ್ಯಾಬ್ ಇರುತ್ತದೆ. ಒಬ್ಬ ಹುಡುಗ ಪಾಸ್‌ವರ್ಡ್ ಮರೆತು ಒಂದೇ ಸಮ ಒತ್ತಿದರೆ ಉಳಿದವರಿಗೂ ಶಿಕ್ಷೆ. ವಿನಾಯಿತಿ ಪಟ್ಟಿ ಇದೆ ಸರಿ, ಆದರೆ ಅದನ್ನು ತುಂಬಿಸಬೇಕು ಎಂದು ಅಲ್ಲಿನವರಿಗೆ ಹೊಳೆಯುವುದು ಲ್ಯಾಬ್ ನಿಂತ ಮೇಲೇ.) ತಾತ್ಕಾಲಿಕವಾಗಿ ತಡೆಯಲು ಆಗುವ ಜಾಗದಲ್ಲೇ ಕಾಯಂ ಆಗಿ ತಡೆಯಲು ಯಾಕಾಗುವುದಿಲ್ಲ?

ಈಗ ನನ್ನ ಕೋರಿಕೆಗಳು.

ಓಪನ್‌ಎಸ್‌ಎಸ್‌ಎಚ್ ತಂಡಕ್ಕೆ. ಇನ್ನು ಮುಂದೆ ಯಾವುದೇ ಸೌಲಭ್ಯ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ತೆಗೆದರೆ ಬಳಸುವವನ ಕೆಲಸ ನಿಲ್ಲುತ್ತದೆಯೋ, ಅಥವಾ ಅವನ ತಡೆ ನಿಲ್ಲುತ್ತದೆಯೋ? ಕೆಲಸ ನಿಲ್ಲುವುದಾದರೆ ನಿಮ್ಮ ಈಗಿನ ಪದ್ಧತಿ ಸಾಕು. ತಡೆ ನಿಲ್ಲುವುದಾದರೆ ಬಿಡುಗಡೆ ಟಿಪ್ಪಣಿ ಸಾಲದು. ಕನಿಷ್ಠ ಕೆಲವು ಆವೃತ್ತಿಗಳವರೆಗಾದರೂ ಸರ್ವರ್ ಶುರುವಾಗುವಾಗ ಲಾಗ್‌ನಲ್ಲಿ ಹೇಳಬೇಕು. ನಿಮ್ಮ ಕಾನ್ಫಿಗ್ ಪರೀಕ್ಷಿಸುವ ಆಜ್ಞೆ ಕೊಟ್ಟಾಗಲೂ ಹೇಳಬೇಕು. ಹಾಗೆಯೇ, ಕೀ ವಿನಿಮಯಕ್ಕೂ ಮುಂಚೆ ವಿಳಾಸ ನೋಡಿ ತಡೆಯುವ ಒಂದು ಸರಳ ಪಟ್ಟಿಯನ್ನು ನಿಮ್ಮ ಕಾನ್ಫಿಗ್‌ನಲ್ಲೇ ಕೊಡಿ. ಅಂಕಿಯ ವಿಳಾಸ ಮಾತ್ರ ಇರಲಿ, ಡಿಎನ್‌ಎಸ್ ಬೇಡ, ಹೊರಗಿನ ಲೈಬ್ರರಿ ಬೇಡ. ವಾಪಸ್ ತನ್ನಿ ಎನ್ನುವವರಲ್ಲಿ ಮುಕ್ಕಾಲು ಜನಕ್ಕೆ ಬೇಕಿರುವುದು ಇಷ್ಟೇ ಎಂದು ನನ್ನ ಅನಿಸಿಕೆ.

ಪ್ಯಾಕೇಜ್ ಮಾಡುವವರಿಗೆ. ನಿಜ ಹೇಳಬೇಕೆಂದರೆ ಹೆಚ್ಚಿನ ಜವಾಬ್ದಾರಿ ನಿಮ್ಮದೇ. ಹಳೆಯ ಸರ್ವರ್‌ನಲ್ಲಿ ಏನಿತ್ತು, ಹೊಸದರಲ್ಲಿ ಏನಿಲ್ಲ ಎಂದು ಗೊತ್ತಿರುವುದು ನಿಮಗೆ ಮಾತ್ರ. ಟಿಸಿಪಿ ರ‍್ಯಾಪರ್ ಪ್ಯಾಚ್ ಇಟ್ಟುಕೊಂಡವರು ಅದನ್ನು ಬಿಡುವ ದಿನ ಬಂದಾಗ, ದಯವಿಟ್ಟು ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಿ ಅಲೋ, ಡಿನೈ ಫೈಲ್‌ಗಳನ್ನು ಒಮ್ಮೆ ತೆರೆದು ನೋಡಿ. ಎಸ್‌ಎಸ್‌ಎಚ್ ಬಗ್ಗೆ ಅಥವಾ ಎಲ್ಲಾ ಸೇವೆಗಳ ಬಗ್ಗೆ ನಿಯಮ ಇದ್ದರೆ ಅಪ್‌ಗ್ರೇಡನ್ನು ಅಲ್ಲೇ ನಿಲ್ಲಿಸಿ ಕೇಳಿ. ಡೆಬಿಯನ್‌ನಲ್ಲಿ ಹಾಗೆ ಪ್ರಶ್ನೆ ಕೇಳುವ ವ್ಯವಸ್ಥೆ ಮೊದಲಿನಿಂದಲೂ ಇದೆ, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಈಗಾಗಲೇ ಬಿಟ್ಟವರು ಮುಂದಿನ ಅಪ್‌ಡೇಟ್‌ನಲ್ಲಾದರೂ ಇದನ್ನು ಮಾಡಬಹುದು. ತಡವಾಯಿತು, ಆದರೆ ಆ ಫೈಲ್‌ಗಳು ಇನ್ನೂ ಎಷ್ಟೋ ಸರ್ವರ್‌ಗಳಲ್ಲಿ ಕೂತಿವೆ.

ಆಡಿಟ್ ಮಾಡುವ ಸಂಸ್ಥೆಗಳವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಬಂದ ಮೇಲೆ, 180 ದಿನದ ಲಾಗ್ ಇಡಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಎಲ್ಲರನ್ನೂ ಸರಿಯಾಗಿಯೇ ಹೆದರಿಸುತ್ತೀರಿ. ಅದೇ ಶ್ರದ್ಧೆಯಿಂದ ನಿಮ್ಮ ಪಟ್ಟಿಯಿಂದ ಡಿನೈ ಫೈಲ್‌ನ ಸಾಲನ್ನು ತೆಗೆಯಿರಿ. ಇಲ್ಲವೇ ಹೊರಗಿನಿಂದ ನಿಜವಾಗಿ ಕನೆಕ್ಟ್ ಮಾಡಿ ನೋಡಿದ ಮೇಲೆ ಟಿಕ್ ಹಾಕಿ.

ಕೊನೆಗೆ, ಇಲ್ಲಿ ಸರ್ವರ್ ನೋಡಿಕೊಳ್ಳುವ ನನ್ನ ಜೊತೆಗಾರರಿಗೆ. ಮೇಲಿನವರು ಉತ್ತರ ಕೊಡುವ ತನಕ ಕಾಯಬೇಡಿ. ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಆಫೀಸಿನ ನೆಟ್‌ವರ್ಕ್‌ನಿಂದ ಅದಕ್ಕೆ ಬದಲಿಸಿ, ಡಿನೈ ಫೈಲ್ ನಂಬಿಕೊಂಡಿರುವ ನಿಮ್ಮ ಪ್ರತಿಯೊಂದು ಸರ್ವರ್‌ಗೂ ಒಮ್ಮೆ ಎಸ್‌ಎಸ್‌ಎಚ್ ಮಾಡಿ. ಕನೆಕ್ಷನ್ ತಕ್ಷಣ ಕಡಿದರೆ ಸರಿ. ಪಾಸ್‌ವರ್ಡ್ ಕೇಳಿತು ಅಂದ್ರೆ ನಿಮ್ಮ ನಿಯಮವನ್ನು ಯಾರೂ ಓದುತ್ತಿಲ್ಲ, ಆ ದಿನವೇ ಫೈರ್‌ವಾಲ್‌ಗೆ ಅದೇ ನಿಯಮ ಬರೆಯಿರಿ. ಡಿನೈ ಫೈಲ್‌ಗೆ ಬರೆಯುವ ಸ್ಕ್ರಿಪ್ಟ್‌ಗಳಿದ್ದರೆ ಅವನ್ನೂ ಹುಡುಕಿ ನಿಲ್ಲಿಸಿ.

ಉತ್ತರದ ನಿರೀಕ್ಷೆಯಲ್ಲಿ,

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಸಿಸ್ಟಮ್ ಅಡ್ಮಿನ್